ಅಂಟು ಹಾಕಿದ ಕಾಂಪೊಸಿಟ್ ಪೈಪಿನ ಜಾಯಿಂಟು ಸಾಕೆಟ್‌ನ ಬಾಯಲ್ಲೇ ಏಕೆ ಬಿಡುತ್ತದೆ?

ಪ್ರಶ್ನೆ: ಕರಾವಳಿಯ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೇನೆ. ಯಂತ್ರಗಳನ್ನು ತಂಪುಮಾಡಲು ಸಮುದ್ರದ ನೀರನ್ನು ಒಯ್ಯುವ, 150 ಮಿ.ಮೀ. ಒಳವ್ಯಾಸ ಮತ್ತು 5 ಮಿ.ಮೀ. ಗೋಡೆಯ ಗ್ಲಾಸ್ ಫೈಬರ್-ಎಪಾಕ್ಸಿ ಪೈಪನ್ನು ಈಚೆಗೆ ಹಾಕಿಸಿದೆವು. ಕೆಲಸದ ಒತ್ತಡ 16 ಬಾರ್. 24 ಬಾರ್‌ನಲ್ಲಿ ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಏರಿಸುವ ಪರೀಕ್ಷೆ) ಮಾಡುವಾಗ ಮೂರು ಜಾಯಿಂಟುಗಳು ಸೋರಿದವು. ವಾಲ್ವ್ ಪಕ್ಕದ ಒಂದು ಜಾಯಿಂಟು ಪೂರ್ತಿ ಕಳಚಿಕೊಂಡಿತು. ಅಂಟಿನ ಡೇಟಾಶೀಟ್ ಪ್ರಕಾರ ಲ್ಯಾಪ್ ಷಿಯರ್ ಬಲ (ಒಂದರ ಮೇಲೊಂದು ಅಂಟಿಸಿದ ಪಟ್ಟಿಗಳನ್ನು ಎಳೆದು ಬಿಡಿಸಲು ಬೇಕಾದದ್ದು) 20 ಮೆಗಾಪಾಸ್ಕಲ್, ಪೈಪಿನ ತುದಿಯನ್ನು ತೂರಿಸುವ ನಮ್ಮ ಸಾಕೆಟ್‌ನಲ್ಲಿ ಅಂಟಿನ ಉದ್ದ 50 ಮಿ.ಮೀ. ಹೀಗಾಗಿ ಸುಮಾರು 12 ಪಟ್ಟು ಭದ್ರತೆ ಇರಬೇಕಿತ್ತು. ಸಾಕೆಟ್ಟಿನ ಉದ್ದವನ್ನು 75 ಮಿ.ಮೀ. ಮಾಡಿ, ಅಂಟನ್ನು ಇನ್ನಷ್ಟು ದಪ್ಪ ಬಳಿದರೆ ಸರಿಹೋಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ? ಸೋರಿದ ಜಾಯಿಂಟುಗಳಿಗೆ ಹೊರಗಿನಿಂದ ಅಂಟು ತುಂಬಿ ಉಳಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿಲ್ಲ. 24 ಬಾರ್‌ನಲ್ಲಿ, ತುದಿ ಮುಚ್ಚಿದ 150 ಮಿ.ಮೀ. ಪೈಪನ್ನು ನೀರು ಉದ್ದಕ್ಕೆ ಎಳೆಯುವ ಬಲ ಸುಮಾರು 42 ಕಿಲೋನ್ಯೂಟನ್, ಅಂದರೆ ನಾಲ್ಕು ಟನ್ನಿನ ಭಾರಕ್ಕಿಂತ ಸ್ವಲ್ಪ ಹೆಚ್ಚು. ಅಂಟು ಕುಳಿತಿರುವ ಸುಮಾರು 160 ಮಿ.ಮೀ. ವ್ಯಾಸದ ಸುತ್ತಳತೆಗೆ ಅದನ್ನು ಹರಡಿದರೆ ಮಿಲಿಮೀಟರಿಗೆ 84 ನ್ಯೂಟನ್ ಬರುತ್ತದೆ, 50 ಮಿ.ಮೀ. ಉದ್ದಕ್ಕೆ ಹರಡಿದರೆ 1.7 ಮೆಗಾಪಾಸ್ಕಲ್ ಸರಾಸರಿ ಷಿಯರ್ ಸ್ಟ್ರೆಸ್, ಅಂದರೆ ಅಂಟಿನ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಜಾರಿಸುವ ಬಲ. ಇಪ್ಪತ್ತನ್ನು ಇದರಿಂದ ಭಾಗಿಸಿ ನೀವು 12ಕ್ಕೆ ಬಂದಿದ್ದೀರಿ. ಆದರೆ ಬಲವು ಅಂಟಿನ ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ ಎಂದು ನೀವು ಹಿಡಿದುಕೊಂಡಿರುವ ಊಹೆ ನಿಲ್ಲುವುದಿಲ್ಲ. ಗುತ್ತಿಗೆದಾರರ ಸಲಹೆಯೂ ಅದೇ ಊಹೆಯ ಮೇಲೆ ನಿಂತಿರುವುದರಿಂದ ಅದರಿಂದ ನಿಮಗೆ ಹೆಚ್ಚಿನ ಪ್ರಯೋಜನವಾಗಲಾರದು.

ಸಾಕೆಟ್ಟಿನ ಬಾಯಿಯ ಬಳಿ ಏನಾಗುತ್ತದೆಂದು ನೋಡಿ. ಅಲ್ಲಿ ಒಳಗಿನ ಪೈಪು, ಅಂದರೆ ಸ್ಪಿಗಾಟ್, ಪೂರ್ತಿ ಬಲವನ್ನು ಹೊತ್ತಿರುತ್ತದೆ, ಆದ್ದರಿಂದ ಅತಿ ಹೆಚ್ಚು ಹಿಗ್ಗಿರುತ್ತದೆ. ಅದರ ಮೇಲೆಯೇ ಕುಳಿತಿರುವ ಸಾಕೆಟ್ ಆ ಜಾಗದಲ್ಲಿ ಇನ್ನೂ ಯಾವ ಬಲವನ್ನೂ ಪಡೆದಿರುವುದಿಲ್ಲ, ಹಾಗಾಗಿ ಹಿಗ್ಗಿರುವುದೂ ಇಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಅರ್ಧ ಮಿಲಿಮೀಟರ್ ದಪ್ಪದ ಅಂಟು ತಾನೇ ಜರುಗಿ ಸರಿದೂಗಿಸಬೇಕು. ಸ್ಪಿಗಾಟ್ಟಿನ ಮೂತಿಯ ಬಳಿ ಇದೇ ಸಂಗತಿ ತಿರುವುಮುರುವಾಗಿ ನಡೆಯುತ್ತದೆ. ನಡುವಿನ ಭಾಗದಲ್ಲಾದರೋ ಎರಡೂ ಗೋಡೆಗಳು ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುವುದರಿಂದ ಅಂಟಿಗೆ ಅಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇರುವುದಿಲ್ಲ. ಈ ಹಂಚಿಕೆಯ ಗಣಿತವನ್ನು ಜರ್ಮನಿಯ ಫೋಲ್ಕರ್ಸನ್ 1938ರಲ್ಲಿ ಬರೆದರು. ಅವರು ಆಗ ಯೋಚಿಸುತ್ತಿದ್ದುದು ರಿವೆಟ್ ಸಾಲುಗಳ ಬಗ್ಗೆ. ಅಂಟಿನ ಜಾಯಿಂಟಿಗೂ ಅದೇ ಸಮೀಕರಣ ಒಪ್ಪುತ್ತದೆಂಬುದು ಆಮೇಲೆ ನಮಗೆ ದಕ್ಕಿದ ಲಾಭ.

ನಿಮ್ಮ ಅಳತೆಗಳನ್ನೇ ಆ ಸಮೀಕರಣಕ್ಕೆ ಹಾಕಿ ನೋಡೋಣ. ಉದ್ದದ ದಿಕ್ಕಿನಲ್ಲಿ ಪೈಪಿನ ಸ್ಥಿತಿಸ್ಥಾಪಕ ಗುಣಾಂಕ 12 ಗಿಗಾಪಾಸ್ಕಲ್, ಅಂಟಿನ ಷಿಯರ್ ಗುಣಾಂಕ 1 ಗಿಗಾಪಾಸ್ಕಲ್, ಅಂಟಿನ ದಪ್ಪ 0.5 ಮಿ.ಮೀ., ಎರಡೂ ಗೋಡೆ 5 ಮಿ.ಮೀ. ಎಂದು ಇಟ್ಟುಕೊಳ್ಳಿ, ಇಂಥ ಪೈಪಿಗೆ ಇವು ಒಪ್ಪತಕ್ಕ ಅಂಕಿಗಳು. ಆಗ ತುದಿಯಲ್ಲಿನ ಗರಿಷ್ಠ ಷಿಯರ್ ಸ್ಟ್ರೆಸ್ ಸುಮಾರು 11 ಮೆಗಾಪಾಸ್ಕಲ್ ಆಗುತ್ತದೆ, ಅಂದರೆ ನಿಮ್ಮ ಸರಾಸರಿಯ ಆರು ಪಟ್ಟಿಗೂ ಹೆಚ್ಚು. ಇನ್ನು ಉದ್ದವನ್ನು ಬದಲಿಸುತ್ತ ಹೋಗಿ: 10 ಮಿ.ಮೀ. ಅಂಟಿದ್ದರೆ ಗರಿಷ್ಠ 12.6, 20 ಮಿ.ಮೀ. ಇದ್ದರೆ 11, 50 ಇದ್ದರೂ 11, 75 ಇದ್ದರೂ 11. ಸರಾಸರಿ ಮಾತ್ರ ಇಳಿಯುತ್ತ ಹೋಗುತ್ತದೆ, ತುದಿಯ ಸ್ಟ್ರೆಸ್ ಇದ್ದಲ್ಲೇ ಇರುತ್ತದೆ. ನಿಮ್ಮ ಜಾಯಿಂಟಿನ ಹಣೆಬರಹ ಎರಡೂ ತುದಿಗಳ ಹತ್ತು ಹನ್ನೆರಡು ಮಿಲಿಮೀಟರಿನೊಳಗೇ ತೀರ್ಮಾನವಾಗುತ್ತದೆ. ಸಾಕೆಟ್ಟನ್ನು ಉದ್ದ ಮಾಡಿದರೆ ಕೆಲಸವಿಲ್ಲದ ನಡುಭಾಗಕ್ಕೆ ಇನ್ನಷ್ಟು ಅಂಟು ಸೇರುತ್ತದೆ.

ಡೇಟಾಶೀಟ್‌ನ 20 ಮೆಗಾಪಾಸ್ಕಲ್ ಎಂಬ ಅಂಕಿಯ ಮೂಲವನ್ನೂ ಒಮ್ಮೆ ಪರಿಶೀಲಿಸಿ. ಅದು ಎಎಸ್‌ಟಿಎಂ (ಪರೀಕ್ಷಾ ಮಾನಕಗಳನ್ನು ರೂಪಿಸುವ ಸಂಸ್ಥೆ) ಡಿ 1002 ವಿಧಾನದ್ದಾಗಿದ್ದರೆ, ಸುಮಾರು 1.6 ಮಿ.ಮೀ. ದಪ್ಪದ ಎರಡು ಲೋಹದ ಪಟ್ಟಿಗಳನ್ನು 12.7 ಮಿ.ಮೀ. ಉದ್ದಕ್ಕೆ ಅಂಟಿಸಿ, ಎಳೆದು, ಮುರಿದ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿ ಬಂದ ಸಂಖ್ಯೆ ಅದು. ಆ ಸಂಖ್ಯೆಯೂ ಸರಾಸರಿಯೇ. ಆ ಪಟ್ಟಿಯ ಉದ್ದ, ದಪ್ಪ ಮತ್ತು ಲೋಹಕ್ಕೆ ಕಟ್ಟುಬಿದ್ದ ಸರಾಸರಿ. ನಾರಿನ ಕಾಂಪೊಸಿಟ್ಟಿಗಾಗಿಯೇ ಡಿ 5868 ಎಂಬ ಬೇರೆ ವಿಧಾನವಿದೆ. ಅದರ ಅಂಕಿ ಕೂಡ ಒಂದು ಅಂಟನ್ನು ಇನ್ನೊಂದಕ್ಕೆ, ಒಂದು ಮೇಲ್ಮೈ ತಯಾರಿಯನ್ನು ಇನ್ನೊಂದಕ್ಕೆ ಹೋಲಿಸಲು ಯೋಗ್ಯವೇ ಹೊರತು, ಪೈಪಿನ ಜಾಯಿಂಟಿಗೆ ಕ್ಷೇತ್ರಫಲದಿಂದ ಗುಣಿಸಿ ವಿನ್ಯಾಸ ಮಾಡಲು ಯೋಗ್ಯವಲ್ಲ. ಮಾರಾಟದ ಕೈಪಿಡಿಗಳು ಇದನ್ನು ಸಣ್ಣ ಅಕ್ಷರದಲ್ಲಾದರೂ ಹೇಳಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಷಿಯರ್ ಅಷ್ಟೇ ಇದ್ದಿದ್ದರೆ 11 ಮೆಗಾಪಾಸ್ಕಲ್ಲಿಗೆ ಒಳ್ಳೆಯ ಎಪಾಕ್ಸಿ ಅಂಟು ಹೆದರಬೇಕಾಗಿರಲಿಲ್ಲ. ತುದಿಗಳಲ್ಲಿ ಅದರ ಜೊತೆಗೆ ಇನ್ನೊಂದು ಬಲ ಕೆಲಸ ಮಾಡುತ್ತದೆ. ಸ್ಪಿಗಾಟ್ಟಿನ ಗೋಡೆಯ ನಡುಗೆರೆಯೂ ಸಾಕೆಟ್ಟಿನ ಗೋಡೆಯ ನಡುಗೆರೆಯೂ ಒಂದೇ ಸಾಲಿನಲ್ಲಿಲ್ಲ. ಎಳೆತ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಗೋಡೆ ಬಾಗಲು ನೋಡುತ್ತದೆ, ಬಾಗಿದ ಗೋಡೆ ಅಂಟನ್ನು ಮೇಲಕ್ಕೆತ್ತಿ ಸುಲಿಯಲು ನೋಡುತ್ತದೆ. ಚಪ್ಪಟೆ ಪಟ್ಟಿಗಳಲ್ಲಿ ಈ ಸುಲಿತವನ್ನು ಗೋಲಂಡ್ ಮತ್ತು ರೈಸ್ನರ್ 1944ರಲ್ಲಿ ಲೆಕ್ಕ ಹಾಕಿದರು. ಕೊಳವೆಗಳಿಗೆ ಅದನ್ನು ಲುಬ್ಕಿನ್ ಮತ್ತು ರೈಸ್ನರ್ 1956ರಲ್ಲಿ ವಿಸ್ತರಿಸಿದರು. ಕೊಳವೆ ದುಂಡಗಿರುವುದರಿಂದ ಅದರ ಸುತ್ತುಬಿಗಿತ ಬಾಗುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ, ಆದ್ದರಿಂದ ಪಟ್ಟಿಗಿಂತ ಪೈಪು ಸುಖಿ. ಆದರೂ ಸುಲಿತ ಪೂರ್ತಿ ಹೋಗುವುದಿಲ್ಲ. ಒಳಗಿನ ಒತ್ತಡದ ಪಾತ್ರವೂ ಇಲ್ಲಿ ಎರಡು ಬಗೆಯದು. ಸ್ಪಿಗಾಟ್ಟನ್ನು ಹೊರಕ್ಕೆ ಉಬ್ಬಿಸಿ ಅಂಟನ್ನು ಸಾಕೆಟ್ಟಿಗೆ ಒತ್ತುವಷ್ಟರ ಮಟ್ಟಿಗೆ ಅದು ಉಪಕಾರಿ. ಆದರೆ ಎರಡು ಗೋಡೆ ಸೇರಿ ದಪ್ಪವಾಗಿರುವ ಜಾಯಿಂಟಿನ ಭಾಗ ಕಡಿಮೆ ಉಬ್ಬುತ್ತದೆ, ಪಕ್ಕದ ಒಂಟಿ ಗೋಡೆ ಹೆಚ್ಚು ಉಬ್ಬುತ್ತದೆ. ಈ ಏರುಪೇರಿನ ಗಡಿ ಸಾಕೆಟ್ಟಿನ ಬಾಯಲ್ಲೇ ಬೀಳುವುದರಿಂದ ಗೋಡೆ ಅಲ್ಲೇ ಮಣಿಯುತ್ತದೆ. ಇದರ ಜೊತೆಗೆ ಸ್ಪಿಗಾಟ್ಟಿನ ಮೂತಿಯ ಬಳಿ ಅಂಟು ಎಲ್ಲಾದರೂ ಬಿಟ್ಟಿದ್ದರೆ ನೀರು ಅಂಟಿನ ಪದರದೊಳಕ್ಕೆ ನುಗ್ಗಿ, ಬಿರುಕಿನ ಎರಡೂ ಮುಖಗಳನ್ನು 24 ಬಾರ್‌ನಲ್ಲಿ ದೂಡಲು ಶುರುಮಾಡುತ್ತದೆ. ಆಗ ಅದೇ ಒತ್ತಡ ಶತ್ರುವಾಗುತ್ತದೆ.

ಸುಲಿತಕ್ಕೆ ಮೊದಲು ಸೋಲುವುದು ಎಷ್ಟೋ ಸಲ ಅಂಟಲ್ಲ, ಪೈಪಿನ ಗೋಡೆಯೇ. ಬಾಳೆದಿಂಡಿನ ನಾರು ಹೂಮಾಲೆಯ ಭಾರವನ್ನು ಹೊರುತ್ತದೆ, ಅದೇ ದಿಂಡಿನ ಪದರಗಳು ಉಗುರು ಸಿಕ್ಕಿಸಿದರೆ ಸಲೀಸಾಗಿ ಬಿಡಿಸಿಕೊಂಡು ಬರುತ್ತವೆ. ಗಾಜಿನ ನಾರಿನ ಪೈಪಿನ ಗೋಡೆಯ ಸ್ವಭಾವವೂ ಇದೇ. ನಾರಿನ ದಿಕ್ಕಿನಲ್ಲಿ ನೂರಾರು ಮೆಗಾಪಾಸ್ಕಲ್ ತಡೆಯುವ ಪದರಗಳು ದಪ್ಪದ ದಿಕ್ಕಿನಲ್ಲಿ ಎಳೆದರೆ ಕೆಲವು ಹತ್ತುಗಳಲ್ಲೇ ಬೇರೆಯಾಗುತ್ತವೆ, ಏಕೆಂದರೆ ಆ ದಿಕ್ಕಿನಲ್ಲಿ ಹಿಡಿದುಕೊಳ್ಳಲು ಎಪಾಕ್ಸಿ ರಾಳವನ್ನು ಬಿಟ್ಟರೆ ಬೇರೇನೂ ಇಲ್ಲ. ಅದರ ಮೇಲೆ, ಸ್ಪಿಗಾಟ್ಟನ್ನು ಸಾಕೆಟ್ಟಿಗೆ ಹೊಂದಿಸಲು ಶೇವಿಂಗ್ ಉಪಕರಣದಿಂದ ಕೆತ್ತುವಾಗ ಹೊರಪದರದ ನಾರುಗಳು ಕತ್ತರಿಸಿಹೋಗುತ್ತವೆ; ಕತ್ತರಿಸಿದ ನಾರಿನ ಬಲ ಒಳಗಿನ ನಾರಿಗೆ ದಾಟಬೇಕಾದರೂ ನಡುವಿನ ರಾಳದ ಮೂಲಕವೇ ದಾಟಬೇಕು. ಸಾಕೆಟ್ಟಿನ ಒಳಮೈಯಲ್ಲಿ ರಾಳ ಹೆಚ್ಚಿರುವ ಲೈನರ್ ಪದರವನ್ನು ಹಾಗೇ ಬಿಟ್ಟು ಅಂಟಿಸಿದರೆ ಬಿರುಕು ಅದನ್ನೇ ಹಿಡಿದು ಸಾಗುತ್ತದೆ. ಹೀಗಿರುವಾಗ ಇನ್ನೂ ಬಲವಾದ ಅಂಟನ್ನು ತಂದು ಹಾಕಿದರೂ ಗೋಡೆ ಸೀಳುವ ಮಿತಿ ಅಲ್ಲೇ ಉಳಿಯುತ್ತದೆ. ಗಡಸಾದ ಅಂಟಿಗಿಂತ, ಸ್ವಲ್ಪ ಮಣಿಯುವ, ರಬ್ಬರ್ ಕಣಗಳಿಂದ ಬಿರುಕು ತಡೆಯುವ ಗುಣ ಪಡೆದ ಎಪಾಕ್ಸಿ ಇಂಥಲ್ಲಿ ಒಳ್ಳೆಯದು; ಅದು ತುದಿಯಲ್ಲಿ ಮಣಿದು ಭಾರವನ್ನು ಒಳಕ್ಕೆ ಸಾಗಿಸುತ್ತದೆ. ಈ ಮಣಿಯುವಿಕೆಯನ್ನು ಲೆಕ್ಕಕ್ಕೆ ತಂದವರು ಎಪ್ಪತ್ತರ ದಶಕದಲ್ಲಿ ವಿಮಾನಗಳ ಅಂಟುಜೋಡಣೆಯ ಮೇಲೆ ಕೆಲಸ ಮಾಡಿದ ಹಾರ್ಟ್-ಸ್ಮಿತ್. ಫೋಲ್ಕರ್ಸನ್ನರ ಗೆರೆ ತೋರಿಸುವ ಗರಿಷ್ಠಕ್ಕಿಂತ ನಿಜವಾದ ಜಾಯಿಂಟು ಕೆಲವೊಮ್ಮೆ ಹೆಚ್ಚು ತಾಳುವುದಕ್ಕೆ ಈ ಮಣಿಯುವಿಕೆಯೇ ಕಾರಣ.

ಈಗ ನಿಮ್ಮ ವಾಲ್ವ್ ಪಕ್ಕದ ಜಾಯಿಂಟಿಗೆ ಬರುತ್ತೇನೆ, ಏಕೆಂದರೆ ಅದು ಮಿಕ್ಕ ಮೂರಕ್ಕಿಂತ ಬೇರೆ ರೀತಿ ಸೋತಿದೆ. ಸಾಮಾನ್ಯ ನಾರುಸುತ್ತಿದ ಪೈಪಿನಲ್ಲಿ ನಾರನ್ನು ಅಕ್ಷಕ್ಕೆ ಸುಮಾರು 55 ಡಿಗ್ರಿ ಓರೆಯಾಗಿ ಸುತ್ತಿರುತ್ತಾರೆ. ಒಳಒತ್ತಡದಲ್ಲಿ ಸುತ್ತಿನ ದಿಕ್ಕಿನ ಸ್ಟ್ರೆಸ್ ಉದ್ದದ ದಿಕ್ಕಿನದಕ್ಕಿಂತ ಎರಡು ಪಟ್ಟು ಇರುವುದರಿಂದ, ನಾರು ಮಾತ್ರವೇ ಎಲ್ಲವನ್ನೂ ಹೊರುತ್ತದೆಂದು ಲೆಕ್ಕ ಹಾಕಿದರೆ 54.7 ಡಿಗ್ರಿಯ ಕೋನ ಬರುತ್ತದೆ. ಆ ಎರಡಕ್ಕೊಂದು ಅನುಪಾತಕ್ಕೆ ಹೇಳಿ ಮಾಡಿಸಿದ ಪೈಪು ಬರೀ ಉದ್ದಕ್ಕೆ ಎಳೆದಾಗಲೋ ಬಾಗಿಸಿದಾಗಲೋ ಅಷ್ಟು ಗಟ್ಟಿಯಲ್ಲ. ನೂರು ಕಿಲೋ ತೂಕದ ವಾಲ್ವ್ ಒಂದು, ಆಸರೆಯಿಲ್ಲದೆ, ಜಾಯಿಂಟಿನಿಂದ ಒಂದು ಮೀಟರ್ ಆಚೆ ತೂಗುತ್ತಿದೆ ಎನ್ನಿ. ಆ ಬಾಗುಬಲ ಸುಮಾರು 1 ಕಿಲೋನ್ಯೂಟನ್-ಮೀಟರ್. ಅದರಿಂದ ಪೈಪಿನ ಮೇಲ್ಭಾಗದಲ್ಲಿ ಮಿಲಿಮೀಟರಿಗೆ 50 ನ್ಯೂಟನ್ ಹೆಚ್ಚುವರಿ ಎಳೆತ ಹುಟ್ಟುತ್ತದೆ. ಹೈಡ್ರೋಟೆಸ್ಟಿನ 84ಕ್ಕೆ ಈ 50 ಸೇರಿದರೆ 134, ತುದಿಯ ಷಿಯರ್ 11ರಿಂದ 17 ಮೆಗಾಪಾಸ್ಕಲ್ಲಿಗೆ ಏರುತ್ತದೆ, ಸುಲಿತವೂ ಅದರ ಜೊತೆಗೇ ಏರುತ್ತದೆ. ನಿಮ್ಮ 12 ಪಟ್ಟು ಭದ್ರತೆ ಇಲ್ಲಿಗೆ ಬಹುತೇಕ ಕರಗಿತು. ವಾಲ್ವಿಗೆ ತನ್ನದೇ ಆಸರೆ ಇರಬೇಕು, ಅದರ ಭಾರವಾಗಲಿ ಚಕ್ರ ತಿರುಗಿಸುವವರ ತಿರುಚುಬಲವಾಗಲಿ ಪೈಪಿನ ಮೇಲೆ ಬೀಳಬಾರದು ಎಂಬ ನಿಯಮವನ್ನು ಉಕ್ಕಿನ ಪೈಪಿಗೆ ಒಗ್ಗಿಕೊಂಡ ಫಿಟ್ಟರ್‌ಗಳು ಬಹಳ ಸಲ ಮರೆಯುತ್ತಾರೆ, ಉಕ್ಕು ಆ ಮರೆವನ್ನು ಕ್ಷಮಿಸುತ್ತದೆ ಎಂಬ ಕಾರಣಕ್ಕೆ.

ಬಿಸಿಲು ನೆರಳಿನ ಲೆಕ್ಕವೂ ಇದೆ. ಈ ಪೈಪಿನ ಉದ್ದ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಹತ್ತು ಲಕ್ಷದಲ್ಲಿ 20 ಭಾಗ ಹಿಗ್ಗುತ್ತದೆ, ಉಕ್ಕಿಗೆ ಅದು 12. ಆದರೆ ಪೈಪಿನ ಬಿಗಿತ ಉಕ್ಕಿನ ಹದಿನಾರನೆಯ ಒಂದು ಭಾಗದಷ್ಟಿರುವುದರಿಂದ, ಎರಡೂ ತುದಿ ಕಟ್ಟಿಹಾಕಿದಾಗ ಹುಟ್ಟುವ ಬಲ ಉಕ್ಕಿಗಿಂತ ತುಂಬ ಕಡಿಮೆ. ಆದರೂ ಅದು ಜಾಯಿಂಟಿಗೆ ಕಡಿಮೆಯಲ್ಲ: ಏಪ್ರಿಲ್ ಮಧ್ಯಾಹ್ನ ಕಾದಿದ್ದ ಪೈಪನ್ನು ಆಂಕರ್‌ಗಳ ನಡುವೆ ಬಿಗಿದು ಅಂಟಿಸಿ, ಆಮೇಲೆ 20 ಡಿಗ್ರಿ ತಂಪಾದ ಸಮುದ್ರದ ನೀರು ಬಿಟ್ಟರೆ ಮಿಲಿಮೀಟರಿಗೆ ಸುಮಾರು 24 ನ್ಯೂಟನ್ ಎಳೆತ ಅಲ್ಲೇ ಕೂತುಬಿಡುತ್ತದೆ. ಪಂಪು ತಟ್ಟನೆ ನಿಂತಾಗಿನ ನೀರಿನ ಹೊಡೆತ ಮಾತ್ರ ಈ ಪೈಪಿನಲ್ಲಿ ಉಕ್ಕಿಗಿಂತ ಮೆತ್ತಗೆ. ಅಲೆಯ ವೇಗ ಸೆಕೆಂಡಿಗೆ 500 ಮೀಟರಿನ ಆಸುಪಾಸಿನಲ್ಲಿದ್ದರೆ, ಸೆಕೆಂಡಿಗೆ 1 ಮೀಟರ್ ಹರಿವು ನಿಂತಾಗ 5 ಬಾರ್ ಏರುತ್ತದೆ. ಉಕ್ಕಿನಲ್ಲಿ ಅದು ಎರಡು ಪಟ್ಟಾದರೂ ಇರುತ್ತದೆ.

ಇಷ್ಟು ಲೆಕ್ಕದ ಮಾತು. ನಿಮ್ಮ ನಾಲ್ಕು ಜಾಯಿಂಟುಗಳು ಏಕೆ ಸೋತವು ಎಂಬುದನ್ನು ಲೆಕ್ಕಕ್ಕಿಂತ ಚೆನ್ನಾಗಿ ಆ ಜಾಯಿಂಟುಗಳೇ ಹೇಳುತ್ತವೆ, ಆದ್ದರಿಂದ ಅವನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಕಳಚಿದ ಜಾಯಿಂಟಿನ ಮುಖಗಳನ್ನು ಒರೆಸದೆ, ತೊಳೆಯದೆ ಇಡಿ. ಸೋರಿದವುಗಳನ್ನು ಪೈಪಿನ ಮೇಲ್ಭಾಗ ಯಾವುದೆಂದು ಗುರುತು ಹಾಕಿ, ಎರಡೂ ಬದಿ ಕತ್ತರಿಸಿ ತೆಗೆದು, ಉದ್ದುದ್ದಕ್ಕೆ ಆರೆಂಟು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯನ್ನೂ ಉಳಿಯಿಂದ ಬಿಡಿಸಿ ನೋಡಿ. ಎಎಸ್‌ಟಿಎಂ ಡಿ 5573 ಎಂಬ ದಾಖಲೆ ಕಾಂಪೊಸಿಟ್ಟಿನ ಅಂಟುಜೋಡಣೆ ಮುರಿಯುವ ರೀತಿಗಳನ್ನು ಏಳಾಗಿ ವಿಂಗಡಿಸುತ್ತದೆ. ಅಂಟು ಮೇಲ್ಮೈಯಿಂದ ಎದ್ದು ಬರುವುದು, ಅಂಟಿನ ನಡುವೆಯೇ ಸೀಳುವುದು, ಮೇಲ್ಮೈಗೆ ತೀರ ಹತ್ತಿರದಲ್ಲಿ ತೆಳ್ಳನೆಯ ಅಂಟು ಉಳಿಯುವಂತೆ ಸೀಳುವುದು, ನಾರು ಹರಿದು ಬರುವುದು, ಕೆಲವೇ ಎಳೆ ನಾರು ಅಂಟಿಕೊಂಡು ಬರುವುದು, ಜಾಯಿಂಟು ಉಳಿದು ಪೈಪೇ ಮುರಿಯುವುದು, ಇವುಗಳಲ್ಲಿ ಕೆಲವು ಒಟ್ಟಿಗೇ ಬೆರೆತು ಬರುವುದು.

ಒಂದು ಮುಖ ನುಣ್ಣಗೆ ಹೊಳೆಯುತ್ತಿದ್ದು, ಎದುರಿನ ಅಂಟಿನಲ್ಲಿ ಅದರ ಅಚ್ಚು ಕನ್ನಡಿಯಂತೆ ಮೂಡಿದ್ದರೆ ಅಂಟು ಆ ಮೇಲ್ಮೈಯನ್ನು ಹಿಡಿದೇ ಇರಲಿಲ್ಲ ಎಂದರ್ಥ. ಉಜ್ಜದೆ ಬಿಟ್ಟ ಜಾಗ, ಎಣ್ಣೆಯ ಕೈ, ಅಚ್ಚಿನಿಂದ ಪೈಪನ್ನು ಬಿಡಿಸಲು ಬಳಸಿದ ರಿಲೀಸ್ ಏಜೆಂಟ್, ಉಜ್ಜಿದ ಮೇಲೆ ಕೂತ ತೇವ ಇವುಗಳಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಎರಡೂ ಮುಖದಲ್ಲಿ ಅಂಟು ಉಳಿದು, ಅದು ಉಗುರಿಗೆ ಮಣಿಯುವಷ್ಟು ಮೆತ್ತಗಿದ್ದರೆ ಅಥವಾ ಬಣ್ಣ ಪಟ್ಟೆಪಟ್ಟೆಯಾಗಿದ್ದರೆ ರಾಳ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್ ಸರಿಯಾಗಿ ಬೆರೆತಿಲ್ಲ, ಇಲ್ಲವೇ ಅಂಟು ಕ್ಯೂರ್ ಆಗಿಲ್ಲ, ಅಂದರೆ ಪೂರ್ತಿ ಗಟ್ಟಿಯಾಗಿಲ್ಲ. ಅರ್ಧಚಂದ್ರದ ಆಕಾರದಲ್ಲಿ ಅಂಟೇ ಇಲ್ಲದ ಒಣ ಜಾಗ ಕಂಡರೆ ಪೈಪನ್ನು ಓರೆಯಾಗಿ ಸೇರಿಸಿದ್ದಾರೆ ಅಥವಾ ಸೇರಿಸಿದ ಮೇಲೆ ಕ್ಯೂರ್ ಆಗುವ ಮುಂಚೆ ಅಲುಗಾಡಿಸಿದ್ದಾರೆ. ಬೆಳ್ಳನೆಯ ನಾರು ಅಂಟಿಗೆ ಕಚ್ಚಿಕೊಂಡು ಎದ್ದು ಬಂದಿದ್ದರೆ ಅಂಟಿಸಿದವರ ಕೆಲಸ ಚೆನ್ನಾಗಿಯೇ ಇತ್ತು. ಜಾಯಿಂಟಿನ ಮೇಲೆ ಬಿದ್ದ ಭಾರವನ್ನೋ, ವಿನ್ಯಾಸವನ್ನೋ ಪ್ರಶ್ನಿಸಬೇಕು. ಮುರಿತ ಗಡಿಯಾರದ ಹನ್ನೆರಡರ ಜಾಗದಲ್ಲಿ ಶುರುವಾಗಿ ಎರಡೂ ಬದಿಗೆ ಇಳಿದಿದ್ದರೆ ಬಾಗುಬಲ ಅದರ ಹಿಂದಿದೆ. ನಿಮ್ಮ ವಾಲ್ವ್ ಪಕ್ಕದ ಜಾಯಿಂಟಿನಲ್ಲಿ ಈ ಕೊನೆಯ ಗುರುತು ಕಾಣುತ್ತದೆಂದೂ, ಮಿಕ್ಕ ಮೂರರಲ್ಲಿ ಮೊದಲ ಅಥವಾ ಮೂರನೆಯ ಗುರುತು ಕಾಣುತ್ತದೆಂದೂ ನನ್ನ ಅಂದಾಜು. ಹೊಸ ಲೈನು ಮೊದಲ ಹೈಡ್ರೋಟೆಸ್ಟಿನಲ್ಲೇ ಸೋರುವುದು ಸಾಮಾನ್ಯವಾಗಿ ಕೈಕೆಲಸದ ಲೋಪದಿಂದ. ಸೋರಿಕೆ ಜಾಯಿಂಟಿನಿಂದ ಆಚೆ, ಗೋಡೆಯ ಮೈಯಿಂದಲೇ ಬೆವರಿನಂತೆ ಒಸರುತ್ತಿದ್ದರೆ ಅದು ಬೇರೆಯೇ ಕಾಯಿಲೆ: ರಾಳದಲ್ಲಿ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿ ಮಾಡಿವೆ, ನಾರು ಮಾತ್ರ ಇನ್ನೂ ಗಟ್ಟಿಯಾಗಿದೆ.

ಅಂಟನ್ನು ದಪ್ಪ ಬಳಿಯುವ ಸಲಹೆಯಲ್ಲಿ ಒಂದು ಅರ್ಧಸತ್ಯವಿದೆ. ಫೋಲ್ಕರ್ಸನ್ನರ ಸಮೀಕರಣದಂತೆ ಅಂಟಿನ ದಪ್ಪ ಇಮ್ಮಡಿಯಾದರೆ ತುದಿಯ ಸ್ಟ್ರೆಸ್ 11ರಿಂದ ಸುಮಾರು 7.8ಕ್ಕೆ ಇಳಿಯಬೇಕು. ಪ್ರಯೋಗಶಾಲೆಯಲ್ಲಿ ಎಳೆದು ನೋಡಿದರೆ ಹಾಗಾಗುವುದಿಲ್ಲ. ಒಂದು ಮಿಲಿಮೀಟರಿನ ಹತ್ತನೆಯ ಕೆಲವು ಭಾಗಗಳ ಆಚೆಗೆ ದಪ್ಪ ಹೆಚ್ಚಿದಂತೆ ಜಾಯಿಂಟಿನ ಬಲ ಸಾಮಾನ್ಯವಾಗಿ ಕುಗ್ಗುತ್ತದೆ. ದಪ್ಪ ಪದರದಲ್ಲಿ ಗಾಳಿಗುಳ್ಳೆಗಳು ಹೆಚ್ಚು, ಎರಡು ಗೋಡೆಗಳ ನಡುಗೆರೆಗಳು ಇನ್ನಷ್ಟು ದೂರವಾಗುವುದರಿಂದ ಬಾಗುವಿಕೆಯೂ ಹೆಚ್ಚು, ಕ್ಯೂರ್ ಆಗುವಾಗ ಹುಟ್ಟುವ ಬಿಸಿ ಮತ್ತು ಕುಗ್ಗುವಿಕೆಯೂ ಹೆಚ್ಚು. ಸ್ಪಿಗಾಟ್ ಸಡಿಲವಾಗಿ ಕೂರುವಷ್ಟು ಕೆತ್ತಿಹೋಗಿದ್ದರೆ ಅಂಟು ತುಂಬಿ ಅದನ್ನು ಸರಿಪಡಿಸಲು ಹೋಗಬೇಡಿ. ಆ ತುದಿಯನ್ನು ಕತ್ತರಿಸಿ ಮತ್ತೆ ಕೆತ್ತಿಸಿ. ಪದರ 0.2ರಿಂದ 0.5 ಮಿ.ಮೀ. ಒಳಗೆ, ಸುತ್ತಲೂ ಒಂದೇ ಸಮನಾಗಿರಲಿ.

ಉದ್ದನೆಯ ಸಾಕೆಟ್ ಪೂರ್ತಿ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ನಡುವೆ ಸ್ಟ್ರೆಸ್ ಇಲ್ಲದ ಭಾಗವಿದ್ದರೆ, ವರ್ಷಗಟ್ಟಲೆ ಭಾರ ಹೊತ್ತ ಅಂಟು ನಿಧಾನವಾಗಿ ಜರುಗುತ್ತ ಹೋಗುವುದನ್ನು ಆ ಭಾಗ ತಡೆದು ಹಿಡಿಯುತ್ತದೆ. ಒಂದೆರಡು ಗಾಳಿಗುಳ್ಳೆಗಳಿದ್ದರೂ ನೀರಿಗೆ ನೇರ ದಾರಿ ಸಿಗುವುದಿಲ್ಲ. ನಿಮ್ಮ 50 ಮಿ.ಮೀ.ಯಲ್ಲಿ ಅದಕ್ಕೆ ಬೇಕಾದಷ್ಟು ಉದ್ದ ಈಗಾಗಲೇ ಇದೆ. ಹಣ ಖರ್ಚು ಮಾಡಲೇಬೇಕಿದ್ದರೆ ತುದಿಗಳ ಆಕಾರಕ್ಕೆ ಮಾಡಿ. ಸಾಕೆಟ್ಟಿನ ಗೋಡೆ ಸ್ಪಿಗಾಟ್ಟಿಗಿಂತ ದಪ್ಪವಿದ್ದಾಗ ಎರಡು ತುದಿಗಳಲ್ಲಿ ಸಾಕೆಟ್ಟಿನ ಬಾಯೇ ಹೆಚ್ಚು ಭಾರ ಹೊರುತ್ತದೆ, ಆದ್ದರಿಂದ ಆ ಬಾಯಿಯನ್ನು ಹೊರಗಿನಿಂದ ಓರೆಯಾಗಿ ತೆಳ್ಳಗಾಗಿಸುವುದು ಉಪಯುಕ್ತ. ಅದಕ್ಕಿಂತ ಒಳ್ಳೆಯದು ಸ್ಪಿಗಾಟ್ ಮತ್ತು ಸಾಕೆಟ್ ಎರಡನ್ನೂ ಒಂದೆರಡು ಡಿಗ್ರಿಯ ಕೋನದಲ್ಲಿ ಓರೆಯಾಗಿಸಿ ಒಂದರೊಳಗೊಂದು ಬಿಗಿಯಾಗಿ ಕೂರಿಸುವ ಟೇಪರ್-ಟೇಪರ್ ಜಾಯಿಂಟು. ಒಂದು ಗೋಡೆ ತೆಳ್ಳಗಾಗುತ್ತ ಹೋದಂತೆ ಇನ್ನೊಂದು ದಪ್ಪವಾಗುತ್ತ ಹೋಗುವುದರಿಂದ ಭಾರ ಹೆಚ್ಚು ಸಮನಾಗಿ ದಾಟುತ್ತದೆ, ಒತ್ತಿ ಕೂರಿಸಿದಾಗ ಅಂಟಿನ ದಪ್ಪವೂ ತಾನಾಗಿ ಹದಕ್ಕೆ ಬರುತ್ತದೆ. ಬಾಯಿಂದ ಹೊರಗೆ ಉಕ್ಕಿದ ಅಂಟನ್ನು ಅಂದಕ್ಕಾಗಿ ಚೂಪಾಗಿ ಕೆರೆದು ತೆಗೆಯದೆ, ಇಳಿಜಾರಾಗಿ ತೀಡಿ ಬಿಡಲು ಹೇಳಿ. ಆ ಸಣ್ಣ ಇಳಿಜಾರು ತುದಿಯ ಸ್ಟ್ರೆಸ್ಸನ್ನು ಎದ್ದು ಕಾಣುವಷ್ಟು ತಗ್ಗಿಸುತ್ತದೆಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಡಮ್ಸ್ ಮತ್ತು ಪೆಪಿಯಾಟ್ 1974ರಲ್ಲೇ ತೋರಿಸಿದ್ದಾರೆ. ಇಷ್ಟು ಅಗ್ಗದ ಸುಧಾರಣೆ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಕರಾವಳಿಯಲ್ಲಿರುವುದರಿಂದ ನಿಮಗೆ ಹವೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಉಜ್ಜಿದ ಮೇಲ್ಮೈ ಹೊಸದಾಗಿರುವಾಗ, ಒಂದೆರಡು ಗಂಟೆಯೊಳಗೆ ಅಂಟಿಸಬೇಕು. ಬೆಳಿಗ್ಗೆ ಎಲ್ಲ ತುದಿಗಳನ್ನೂ ಉಜ್ಜಿಟ್ಟು ಊಟದ ಮೇಲೆ ಅಂಟಿಸುವ ಪದ್ಧತಿ ಉಪ್ಪುಗಾಳಿಯ ಊರಿನಲ್ಲಿ ನಡೆಯದು. ಪೈಪಿನ ಮೈಯ ತಾಪಮಾನ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಲಿ. ಅಮೀನ್ ಹಾರ್ಡನರ್ ಇರುವ ಅಂಟು ತೇವದ ಗಾಳಿಯಲ್ಲಿ ತೆರೆದಿದ್ದರೆ ಅದರ ಮೇಲೆ ಮೇಣದಂಥ ತೆಳುಪೊರೆ ಕಟ್ಟುತ್ತದೆ, ಆ ಪೊರೆಯ ಮೇಲೆ ಅಂಟು ಕಚ್ಚುವುದಿಲ್ಲ. ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ: ತಾಪಮಾನ 10 ಡಿಗ್ರಿ ಏರಿದರೆ ಅಂಟು ಗಟ್ಟಿಯಾಗುವ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ, ಹಾಗಾಗಿ ಡಬ್ಬಿಯ ಮೇಲೆ ಬರೆದ ಸಮಯವನ್ನು ನಂಬಿ ಕುಳಿತರೆ ಅರ್ಧ ಗಟ್ಟಿಯಾದ ಅಂಟನ್ನು ಬಳಿಯುವಂತಾಗುತ್ತದೆ. ಕ್ಯೂರ್ ಮಾಡಲು ಹೀಟಿಂಗ್ ಬ್ಲಾಂಕೆಟ್ ಸುತ್ತಿದ್ದರೆ ಅದರ ತಾಪಮಾನ ಮತ್ತು ಸಮಯವನ್ನು ಪ್ರತಿ ಜಾಯಿಂಟಿಗೂ ಬರೆದಿಡಿ. ಅನುಮಾನವಿದ್ದಲ್ಲಿ ಉಕ್ಕಿಬಂದ ಅಂಟಿನ ಚೂರೊಂದನ್ನು ತೆಗೆದು ಅದರ ಗ್ಲಾಸ್ ಟ್ರಾನ್ಸಿಷನ್ ತಾಪಮಾನವನ್ನು (ಅಂಟು ಬಿಗಿತ ಕಳೆದುಕೊಂಡು ಮೆತ್ತಗಾಗುವ ತಾಪಮಾನ) ಪ್ರಯೋಗಶಾಲೆಯಲ್ಲಿ ಅಳೆಸಿ. ಕೆಲಸದ ತಾಪಮಾನಕ್ಕಿಂತ ಅದು 30 ಡಿಗ್ರಿಯಷ್ಟಾದರೂ ಮೇಲಿರಬೇಕು, ಏಕೆಂದರೆ ಎಪಾಕ್ಸಿ ಕಾಲಕ್ರಮದಲ್ಲಿ ಕೆಲವು ಶೇಕಡಾ ನೀರನ್ನು ಹೀರಿಕೊಂಡು ಆ ತಾಪಮಾನ ಇನ್ನೂ ಕೆಳಗಿಳಿಯುತ್ತದೆ.

ಮೊದಲ ದಿನದ ಬಲವೇ ಕೊನೆಯ ದಿನದ ಬಲವಲ್ಲ ಎಂಬುದನ್ನು ಮಾನಕಗಳು ಗಂಭೀರವಾಗಿ ತೆಗೆದುಕೊಂಡಿವೆ. ಎಎಸ್‌ಟಿಎಂ ಡಿ 2992ರಲ್ಲಿ ಕನಿಷ್ಠ 18 ಮಾದರಿಗಳನ್ನು ಬೇರೆ ಬೇರೆ ಒತ್ತಡದಲ್ಲಿಟ್ಟು ಸೋಲುವವರೆಗೆ ಕಾಯುತ್ತಾರೆ. ಒಂದಾದರೂ 10,000 ಗಂಟೆ ದಾಟಿರಬೇಕು. ಆ ಬಿಂದುಗಳ ಗೆರೆಯನ್ನು 1,00,000 ಗಂಟೆಗೋ 50 ವರ್ಷಕ್ಕೋ ಮುಂದುವರಿಸಿ ವಿನ್ಯಾಸದ ಅಂಕಿಯನ್ನು ಪಡೆಯುತ್ತಾರೆ. ತೈಲ ಮತ್ತು ಅನಿಲ ಉದ್ಯಮದ ಐಎಸ್‌ಒ 14692 ಫಿಟ್ಟಿಂಗ್‌ಗಳನ್ನೂ ಜಾಯಿಂಟುಗಳನ್ನೂ 1,000 ಗಂಟೆಗಳ ಪರೀಕ್ಷೆಗೆ ಒಡ್ಡುತ್ತದೆ. ನಿಮ್ಮ ಸರಬರಾಜುದಾರರಿಂದ ನೀವು ಕೇಳಬೇಕಾದ ಕಾಗದ ಇದು. ಲ್ಯಾಪ್ ಷಿಯರ್ ಪ್ರಮಾಣಪತ್ರವಲ್ಲ. ಪೈಪಿಗೆ ಮಾತ್ರ ಮಾಡಿದ ಪರೀಕ್ಷೆಯನ್ನು ತೋರಿಸಿದರೆ ಒಪ್ಪಬೇಡಿ, ಅದೇ ವ್ಯಾಸದ, ಅದೇ ಅಂಟಿನ, ಅದೇ ಬಗೆಯ ಜಾಯಿಂಟು ಸೇರಿದ ಪರೀಕ್ಷೆಯನ್ನೇ ಕೇಳಿ.

ಜಾಯಿಂಟು ಒಳಗೆ ಹೇಗಿದೆ ಎಂದು ಮುರಿಯದೆ ನೋಡುವ ವಿಧಾನಗಳಿಗೆ ಒಂದು ಮಿತಿಯಿದೆ. ಅಲ್ಟ್ರಾಸೌಂಡ್ ಗಾಳಿಗುಳ್ಳೆಯನ್ನೂ ಅಂಟಿಲ್ಲದ ಜಾಗವನ್ನೂ ಹಿಡಿಯುತ್ತದೆ. ಒತ್ತಡ ಏರಿಸುವಾಗ ಸಣ್ಣ ಬಿರುಕುಗಳ ಸದ್ದನ್ನು ಆಲಿಸುವ ಅಕೌಸ್ಟಿಕ್ ಎಮಿಶನ್ ವಿಧಾನ ಬೆಳೆಯುತ್ತಿರುವ ಹಾನಿಯನ್ನು ಹಿಡಿಯುತ್ತದೆ. ಆದರೆ ಅಂಟು ಮೇಲ್ಮೈಗೆ ತಾಗಿಯೂ ಹಿಡಿಯದೆ ಇರುವ ಜಾಗವನ್ನು ನಂಬಿಕೆಯಿಂದ ತೋರಿಸುವ ಉಪಕರಣ ಕಾರ್ಖಾನೆಯ ಮಟ್ಟದಲ್ಲಿ ಇಂದಿಗೂ ಇಲ್ಲ. ಅದಕ್ಕಾಗಿಯೇ ಅಂಟಿಸುವವರ ಅರ್ಹತೆಯ ಪರೀಕ್ಷೆ, ಅವರ ಕೈಯಿಂದ ಮಾಡಿಸಿದ ಮಾದರಿ ಜಾಯಿಂಟನ್ನು ಮುರಿದು ನೋಡುವುದು, ಪ್ರತಿ ಜಾಯಿಂಟಿಗೂ ಸಂಖ್ಯೆ ಮತ್ತು ದಾಖಲೆ ಇವುಗಳ ಮೇಲೆ ನಾನು ಹೆಚ್ಚು ಭರವಸೆ ಇಡುತ್ತೇನೆ. ಮತ್ತೆ ಪರೀಕ್ಷಿಸುವಾಗ ನೀರನ್ನೇ ಬಳಸಿ, ಗಾಳಿಯನ್ನು ಪೂರ್ತಿ ಹೊರಬಿಡಿ. ಕುಗ್ಗಿದ ಗಾಳಿಯಲ್ಲಿ ಕೂತ ಶಕ್ತಿ ಜಾಯಿಂಟು ಬಿಟ್ಟಾಗ ಪೈಪಿನ ತುಂಡನ್ನು ಜನರ ಮೇಲೆ ಎಸೆಯಬಲ್ಲದು. ಒತ್ತಡವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲಿ ನಿಲ್ಲಿಸಿ ನೋಡಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಸೋರಿದ ಜಾಯಿಂಟಿನ ಬಾಯಿಗೆ ಹೊರಗಿನಿಂದ ಅಂಟು ಮೆತ್ತಬೇಡಿ. ಒಳಗೆ ಬಿಟ್ಟುಹೋದ ಪದರಕ್ಕೆ ಈಗಾಗಲೇ ಉಪ್ಪುನೀರು ಸೇರಿದೆ, ಒದ್ದೆ ಮೇಲ್ಮೈಗೆ ಅಂಟು ಹಿಡಿಯದು, ಹಿಡಿದಂತೆ ಕಂಡರೂ ಒಳಗಿನ ಒತ್ತಡ ಅದನ್ನು ಸುಲಿಯುವ ದಿಕ್ಕಿನಲ್ಲೇ ತಳ್ಳುತ್ತದೆ. ಜಾಗವಿದ್ದರೆ ಜಾಯಿಂಟನ್ನು ಪೂರ್ತಿ ಕತ್ತರಿಸಿ ತೆಗೆದು, ಚಿಕ್ಕ ಪೈಪ್ ತುಂಡು ಮತ್ತು ಎರಡು ಕಪ್ಲರ್ ಹಾಕಿ ಹೊಸದಾಗಿ ಅಂಟಿಸಿ. ಜಾಗವಿಲ್ಲದಿದ್ದರೆ, ಲೈನನ್ನು ಖಾಲಿ ಮಾಡಿ ಒಣಗಿಸಿ, ಹೊರಮೈಯನ್ನು ಉಜ್ಜಿ, ಸಾಕೆಟ್ಟಿನ ಮೆಟ್ಟಿಲನ್ನು ರಾಳದ ಪುಟ್ಟಿಯಿಂದ ಇಳಿಜಾರು ಮಾಡಿ, ಅದರ ಮೇಲೆ ನಾರು ಮತ್ತು ರಾಳದ ಪದರಗಳನ್ನು ಸುತ್ತುವ ಹೊರಹೊದಿಕೆಯನ್ನು ತಯಾರಕರ ನಕ್ಷೆಯಂತೆ ಮಾಡಿಸಬಹುದು. ಆಗ ಆ ಹೊದಿಕೆಯೇ ಪೂರ್ತಿ 42 ಕಿಲೋನ್ಯೂಟನ್ನನ್ನು ಹೊರಬೇಕೆಂದು ಲೆಕ್ಕ ಹಾಕಿ, ಒಳಗಿನ ಹಳೆಯ ಅಂಟಿನ ಪಾಲನ್ನು ಸೊನ್ನೆಯೆಂದೇ ಹಿಡಿಯಿರಿ. ಕಳಚಿದ ವಾಲ್ವ್ ಜಾಯಿಂಟನ್ನು ಮಾತ್ರ, ವಾಲ್ವಿನ ಕೆಳಗೆ ಆಸರೆ ನಿಲ್ಲಿಸಿ ಅದರ ಕಾಂಕ್ರೀಟ್ ಗಟ್ಟಿಯಾದ ಮೇಲೆಯೇ ಕೂಡಿಸಿ.